ಬಿಸಿಲು ಸಿದ್ಧ, ಮೀಟರ್ ಎಲ್ಲಿ?

ಮನೆಯ ಚಾವಣಿಯಲ್ಲೇ ಸೌರ ವಿದ್ಯುತ್ ಉತ್ಪಾದಿಸಿ ಎಂಬ ಕರೆಗೆ ಹಣದ ಬಲ ತುಂಬಿದ್ದು 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ‘ಪಿಎಂ ಸೂರ್ಯಘರ್’ ಯೋಜನೆ. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿ ವೆಚ್ಚ, ಮೂರು ಕಿಲೊವಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನ. ಸಹಾಯಧನ ಎಷ್ಟೇ ಉದಾರವಾಗಿದ್ದರೂ ಕಡತ ಕದಲದೆ ಒಂದು ಯೂನಿಟ್ ವಿದ್ಯುತ್ತೂ ಗ್ರಾಹಕನ ಲೆಕ್ಕಕ್ಕೆ ಸೇರದು.

ಈ ತೊಡಕನ್ನು ಕೇಂದ್ರ ಗಮನಿಸಿಲ್ಲವೆನ್ನಲಾಗದು. ಅದೇ ತಿಂಗಳು ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಂದ ತಿದ್ದುಪಡಿಯಂತೆ, 10 ಕಿಲೊವಾಟ್‌ವರೆಗಿನ ಘಟಕಗಳಿಗೆ ತಾಂತ್ರಿಕ ಕಾರ್ಯಸಾಧ್ಯತೆಯ ಅಧ್ಯಯನ ಬೇಕಿಲ್ಲ. ಅರ್ಜಿ ಪೂರ್ಣವಾಗಿದ್ದರೆ ಒಪ್ಪಿಗೆ ದೊರೆತಂತೆಯೇ. ಅಳವಡಿಕೆಯ ನಂತರ ಘಟಕಕ್ಕೆ ಚಾಲನೆ ನೀಡಲು ವಿದ್ಯುತ್ ಸರಬರಾಜು ಕಂಪನಿಗಳಿಗಿದ್ದ 30 ದಿನಗಳ ಗಡುವೂ 15ಕ್ಕೆ ಇಳಿದಿದೆ.

ಮೊದಲ ಬಾಗಿಲೇನೋ ಹೀಗೆ ತೆರೆಯಿತು. ನನ್ನ ಆಕ್ಷೇಪ ಕೊನೆಯ ಬಾಗಿಲಿನ ಬಗ್ಗೆ. ಅರ್ಜಿಯ ವಿಷಯದಲ್ಲಿ ಮೌನವೇ ಸಮ್ಮತಿ. ಆದರೆ ಪರಿವೀಕ್ಷಣೆಗೆ, ದ್ವಿಮುಖ ಮೀಟರ್ ಜೋಡಣೆಗೆ ಮೌನ ಸಾಲದು. ಸಿಬ್ಬಂದಿ ಮನೆಗೆ ಬರಲೇಬೇಕು. ಬಾರದಿದ್ದರೆ? ಸಹಾಯಧನ ಕೈಸೇರುವುದು ಘಟಕ ಚಾಲನೆಗೊಂಡ ಮೇಲೆಯೇ. ಸಾಲ ಮಾಡಿ ಘಟಕ ಹಾಕಿಸಿದವರ ಕಂತು ಮಾತ್ರ ಯಾರಿಗೂ ಕಾಯುವುದಿಲ್ಲ.

ಹಾಗೆಂದು ಪರಿವೀಕ್ಷಣೆಯೇ ಬೇಡವೆಂದು ನಾನು ವಾದಿಸುತ್ತಿಲ್ಲ. ಸರಬರಾಜು ನಿಂತಾಗ ಇನ್ವರ್ಟರ್ ತಾನಾಗಿಯೇ ಸ್ಥಗಿತಗೊಳ್ಳದಿದ್ದರೆ, ಚಾವಣಿಯಿಂದ ತಂತಿಗೆ ಹರಿಯುವ ವಿದ್ಯುತ್ತು ಕಂಬವೇರಿದ ಲೈನ್‌ಮನ್‌ನ ಪ್ರಾಣಕ್ಕೇ ಸಂಚಕಾರ ತಂದೀತು. ಪರಿವೀಕ್ಷಣೆ ಇರಬೇಕು, ವಿಳಂಬಕ್ಕೆ ಬೆಲೆಯೂ ಇರಬೇಕು.

ಆ ಬೆಲೆ ನಿಯಮದಲ್ಲಿ ಈಗಾಗಲೇ ಇದೆ. ಸಕಾರಣವಿಲ್ಲದೆ ತಡವಾದರೆ ದಿನಕ್ಕೆ ಕನಿಷ್ಠ 500 ರೂಪಾಯಿ ಪರಿಹಾರ ಎನ್ನುತ್ತವೆ 2020ರ ಮೂಲ ನಿಯಮಗಳು. ಆದರೆ ಮೀಟರಿಗಾಗಿ ಕಚೇರಿಯ ಮುಂದೆ ಕಾಯುತ್ತಿರುವ ಗೃಹಸ್ಥ ಅದೇ ಕಚೇರಿಯಿಂದ ಪರಿಹಾರ ಕೇಳುವ ಧೈರ್ಯ ಮಾಡಿಯಾನೇ? ಮುಂದೆಯೂ ಅವನಿಗೆ ಅಲ್ಲಿಯೇ ಕೆಲಸವಿರುತ್ತದೆ.

ಆದ್ದರಿಂದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಎರಡು ಹೆಜ್ಜೆ ಇಡಲಿ. ಗಡುವು ಮೀರಿದ ಮರುದಿನದಿಂದಲೇ, ಗ್ರಾಹಕ ಕೇಳದಿದ್ದರೂ, ಪರಿಹಾರ ಅವನ ಮಾಸಿಕ ಬಿಲ್ಲಿಗೆ ಜಮೆಯಾಗಲಿ. ಯಾವ ಉಪವಿಭಾಗದಲ್ಲಿ ಎಷ್ಟು ಅರ್ಜಿಗಳು ಎಷ್ಟು ದಿನಗಳಿಂದ ಬಾಕಿ ಇವೆ ಎಂಬುದು ಪ್ರತಿ ತಿಂಗಳೂ ಪ್ರಕಟವಾಗಲಿ. ಅರ್ಜಿಗಳು ಆನ್‌ಲೈನ್ ಆಗಿರುವಾಗ ದಿನಾಂಕದ ಲೆಕ್ಕವಿಡುವುದು ಕಷ್ಟವೇನಲ್ಲ. ವಿಳಂಬದ ನಷ್ಟ ಅದಕ್ಕೆ ಕಾರಣರಾದವರ ಖಾತೆಗೆ ಬೀಳುವವರೆಗೂ ಯಾವ ಗಡುವೂ ಗಡುವಾಗದು.