ಗಡಿ ನೋಡದೆ ಓಡಿದ ಆಂಬುಲೆನ್ಸ್‌ಗಳು

ಕಾಸರಗೋಡಿನ ಆಂಬುಲೆನ್ಸ್‌ಗಳ ಕಥೆ ಗಡಿನಾಡಿನ ಪ್ರತಿಯೊಬ್ಬ ಯುವಕ ಯುವತಿಗೂ ಗೊತ್ತಿರಬೇಕು. ಅದರಲ್ಲಿ ನಮ್ಮೆಲ್ಲರ ಕಥೆಯೂ ಉಂಟು.

1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಜಿಲ್ಲಾ ಕೇಂದ್ರ ಮಂಗಳೂರು. ದೊಡ್ಡಾಸ್ಪತ್ರೆ ಅಂದರೆ 1848ರಲ್ಲಿ ಶುರುವಾದ, ಇಂದಿನ ವೆನ್ಲಾಕ್. ಆ ದಿನ ತಾಲೂಕು ಕೇರಳಕ್ಕೆ ಸೇರಿತು. ರೋಗಿಗಳ ದಾರಿ ಮಾತ್ರ ಬದಲಾಗಲಿಲ್ಲ. ಕಾಸರಗೋಡು ಪೇಟೆಯಿಂದ ಮಂಗಳೂರು ಸುಮಾರು 50 ಕಿ.ಮೀ. ಮಂಜೇಶ್ವರದಿಂದ ಅದರ ಅರ್ಧವೂ ಇಲ್ಲ. ಎದೆನೋವು ಬಂದರೂ, ಹೆರಿಗೆ ಕಷ್ಟವಾದರೂ ಗಾಡಿ ತಲಪಾಡಿ ದಾಟಿಯೇ ಹೋಗಬೇಕಿತ್ತು.

ಆ ಗಾಡಿ ಯಾರದ್ದು? ಕರ್ನಾಟಕದಲ್ಲಿ 108 ಸೇವೆ ಬಂದದ್ದು 2008ರ ನವೆಂಬರ್ 1ರಂದು. ಕೇರಳದಲ್ಲಿ ಅದು 2010ರಲ್ಲಿ ತಿರುವನಂತಪುರದಲ್ಲಿ ಶುರುವಾಯಿತು. ಎಲ್ಲ ಜಿಲ್ಲೆಗಳನ್ನು ಮುಟ್ಟಿದ್ದು 2019ರಲ್ಲಿ. ಅಷ್ಟು ಕಾಲ ಜನರನ್ನು ಆಸ್ಪತ್ರೆಗೆ ಮುಟ್ಟಿಸಿದ್ದರಲ್ಲಿ ಊರವರ ಗಾಡಿಗಳ ಪಾಲು ದೊಡ್ಡದು. ಯುವಕ ಸಂಘ, ಟ್ರಸ್ಟ್, ಪ್ರಾರ್ಥನಾ ಮಂದಿರಗಳ ಸಮಿತಿ ಹೀಗೆ ಯಾರ‍್ಯಾರೋ ದುಡ್ಡು ಒಟ್ಟು ಮಾಡಿ ಓಡಿಸಿದರು. ಗಲ್ಫ್‌ನಲ್ಲಿ ದುಡಿಯುವವರೂ ಕೈಜೋಡಿಸಿದರು. ಕನ್ನಡ, ತುಳು, ಮಲಯಾಳ, ಬ್ಯಾರಿ ಯಾವ ಮಾತಿನಲ್ಲಿ ಕರೆದರೂ ಗಾಡಿ ಬಂತು.

2020ರ ಮಾರ್ಚ್‌ನಲ್ಲಿ ಕೋವಿಡ್ ಹೆಸರಿನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಆಂಬುಲೆನ್ಸ್‌ಗಳು ತಲಪಾಡಿಯಿಂದ ವಾಪಸ್ ಬಂದವು. ಮಂಗಳೂರು ಮುಟ್ಟಲಾಗದೆ ಹಲವರು ತೀರಿಕೊಂಡರು. ಇತ್ತ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ 2013ರಲ್ಲೇ ಶಿಲಾನ್ಯಾಸ ಆಗಿದ್ದರೂ ಅದು ರೋಗಿಗಳಿಗೆ ತೆರೆದದ್ದು ಆ ಏಪ್ರಿಲ್‌ನಲ್ಲಿ, ಅದೂ ಕೋವಿಡ್ ಆಸ್ಪತ್ರೆಯಾಗಿ. ಒಂದು ಕಡೆ ಬಾಗಿಲು ಹಾಕಿದರು, ಇನ್ನೊಂದು ಕಡೆ ಬಾಗಿಲೇ ಇಟ್ಟಿರಲಿಲ್ಲ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸುವಂತೆ ಕೇಂದ್ರಕ್ಕೆ ಹೇಳಿತು. ಏಪ್ರಿಲ್ 7ರಂದು, ರೋಗಿಗಳನ್ನು ಬಿಡಲು ಎರಡೂ ರಾಜ್ಯಗಳು ಒಪ್ಪಿವೆ ಎಂದು ಸುಪ್ರೀಂ ಕೋರ್ಟಿಗೆ ತಿಳಿಸಲಾಯಿತು.

ಇದರಿಂದ ನಾವು ಕಲಿಯಬೇಕಾದ್ದು ಇಷ್ಟೇ: ಗಾಡಿ, ಡ್ರೈವರ್, ಡೀಸೆಲ್ ಇವನ್ನೆಲ್ಲ ಊರವರ ಒಳ್ಳೆಯತನ ಕೊಡಬಹುದು. ಗಡಿ ದಾಟುವ ಹಕ್ಕನ್ನು ಅದು ಕೊಡಲಾರದು. ಆ ಹಕ್ಕು ಬರಹದಲ್ಲಿ ಇರಬೇಕು. ಯಾವ ಬಿಕ್ಕಟ್ಟು ಬಂದರೂ ರೋಗಿ ಇರುವ ಗಾಡಿಯನ್ನು ತಡೆಯುವುದಿಲ್ಲ ಎಂಬ ಶಾಶ್ವತ ಒಪ್ಪಂದವನ್ನು ಗಡಿ ಹಂಚಿಕೊಂಡ ಎಲ್ಲ ರಾಜ್ಯಗಳೂ ಮಾಡಿಕೊಳ್ಳಬೇಕು. ತಾಳವಾಡಿಗೂ ಅಕ್ಕಲಕೋಟೆಗೂ ಮಡಕಶಿರಾಕ್ಕೂ ಇದು ಬೇಕು.

ಗೆಳೆಯರೇ, ವೋಟು ಕೇಳಲು ಬಂದವರ ಹತ್ತಿರ ಇದನ್ನು ಕೇಳಿ. ಅಷ್ಟರಲ್ಲಿ ನಾವು ಮಾಡಬಹುದಾದ್ದೂ ಉಂಟು. ಪ್ರಥಮ ಚಿಕಿತ್ಸೆ ಕಲಿಯೋಣ. ಗಡಿಯ ಎರಡೂ ಬದಿಯ ಆಂಬುಲೆನ್ಸ್ ನಂಬರ್‌ಗಳನ್ನು ಕನ್ನಡದಲ್ಲಿ ಬರೆದು ಬಸ್‌ಸ್ಟ್ಯಾಂಡ್, ರೇಷನ್ ಅಂಗಡಿಗಳಲ್ಲಿ ಅಂಟಿಸೋಣ. ಅಪಘಾತದಲ್ಲಿ ಬಿದ್ದವರನ್ನು ಎತ್ತಲು ಹೆದರಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ, ಒಳ್ಳೆ ಮನಸ್ಸಿನಿಂದ ನೆರವಾದವರ ರಕ್ಷಣೆಗೆಂದೇ ಇದೆ.