ಮುಖವೂ ಪಾತ್ರವೂ

ಮೆಚ್ಚಿನ ನಟನೊಬ್ಬ ದೂರದರ್ಶನದ ಧಾರಾವಾಹಿಯನ್ನು ಬಿಟ್ಟುಹೋದಾಗ ಪ್ರೇಕ್ಷಕರು ಪಡುವ ಸಂಕಟವನ್ನು ಕಂಡು ನಗುವವರಿದ್ದಾರೆ. ಇಲ್ಲದ ಮನುಷ್ಯನಿಗಾಗಿ ಕಣ್ಣೀರು ಸುರಿಸುವುದೇ ಎಂಬುದು ಅವರ ಆಕ್ಷೇಪ. ಆ ನಗೆಯಲ್ಲಿ ನಾನು ಪಾಲುಗೊಳ್ಳಲಾರೆ. ಕಾವ್ಯ ನಾಟಕಗಳನ್ನು ಓದಿ ಕಣ್ಣು ಒದ್ದೆಮಾಡಿಕೊಂಡ ನಮಗೆ ಆ ಅಧಿಕಾರವಿಲ್ಲ. ಆದರೆ ಆ ಸಂಕಟವು ಹಠವಾಗಿ ತಿರುಗಿದಾಗ ಏನಾಗುತ್ತದೆಂಬುದು ವಿಚಾರಮಾಡತಕ್ಕ ಸಂಗತಿ.

2025ರ ಜುಲೈ 29ರಂದು ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ ಎಂಬ ಹಿಂದಿ ಧಾರಾವಾಹಿ ಹೊಸದಾಗಿ ಆರಂಭವಾಯಿತು. ತುಳಸಿಯಾಗಿ ಸ್ಮೃತಿ ಇರಾನಿ, ಮಿಹಿರನಾಗಿ ಅಮರ್ ಉಪಾಧ್ಯಾಯ, ಹೀಗೆ ಹಳೆಯ ಜೋಡಿಯೇ ಮರಳಿತು. ಆ ಸುದ್ದಿ ಕೇಳಿ ನನಗೆ ಹಳೆಯ ಪ್ರಸಂಗವೊಂದು ನೆನಪಾಯಿತು. 2000ದಲ್ಲಿ ಸ್ಟಾರ್ ಪ್ಲಸ್ ವಾಹಿನಿಯಲ್ಲಿ ತೊಡಗಿದ ಆ ಕಥೆಯಲ್ಲಿ, ಮರುವರ್ಷವೇ ಮಿಹಿರನು ಅಪಘಾತದಲ್ಲಿ ಸತ್ತನು. ಪ್ರೇಕ್ಷಕರು ಸ್ವಂತ ಮನೆಯ ಮಗನನ್ನು ಕಳೆದುಕೊಂಡವರಂತೆ ಗೋಳಿಟ್ಟರು, ಪ್ರತಿಭಟಿಸಿದರು. ಕಥೆ ಕಟ್ಟುವವರು ಮಣಿದರು. ಮಿಹಿರನು ನೆನಪು ಕಳೆದುಕೊಂಡವನಾಗಿ ಬದುಕಿ ಬಂದನು. ಆದರೆ 2002ರಲ್ಲಿ ನಟನೇ ಧಾರಾವಾಹಿಯನ್ನು ಬಿಟ್ಟುಹೋದರು. ಪಾತ್ರವು ಇಂದರ್ ಕುಮಾರರಿಗೂ, ಬಳಿಕ ರೋನಿತ್ ರಾಯರಿಗೂ ಬಂತು. ಕಥೆ 2008ರವರೆಗೆ ನಡೆಯಿತು. ಪ್ರೇಕ್ಷಕರ ಹಠ ಸಾವನ್ನು ತಡೆಯಿತು, ಅಗಲಿಕೆಯನ್ನು ತಡೆಯಲಾರದೆ ಹೋಯಿತು.

ಇದಕ್ಕೆ ವಿರುದ್ಧವಾದ ನಿದರ್ಶನವೊಂದು ಅಮೆರಿಕದಲ್ಲಿದೆ. ‘ಮ್ಯಾಶ್’ ಎಂಬುದು ಕೊರಿಯಾ ಯುದ್ಧಕಾಲದ ಸೇನಾ ಆಸ್ಪತ್ರೆಯೊಂದರ ಹಾಸ್ಯಕಥೆ. ಅಲ್ಲಿಯ ಮುಖ್ಯಾಧಿಕಾರಿ ಹೆನ್ರಿ ಬ್ಲೇಕನ ಪಾತ್ರ ವಹಿಸಿದ್ದ ಮೆಕ್‌ಲೀನ್ ಸ್ಟೀವನ್‌ಸನ್ ಧಾರಾವಾಹಿಯನ್ನು ಬಿಡಲು ನಿಶ್ಚಯಿಸಿದರು. 1975ರ ಮಾರ್ಚ್ 18ರ ಕಂತಿನಲ್ಲಿ ಬ್ಲೇಕನು ಎಲ್ಲರಿಂದ ಬೀಳ್ಕೊಂಡು ಊರಿಗೆ ಹೊರಡುತ್ತಾನೆ. ಕೊನೆಗೆ, ಶಸ್ತ್ರಚಿಕಿತ್ಸೆ ನಡೆಯುತ್ತಿರುವ ಕೋಣೆಗೆ ಕಿರಿಯ ಸಹಾಯಕನೊಬ್ಬ ಬಂದು, ಆತನಿದ್ದ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದರೆಂದೂ ಯಾರೂ ಉಳಿಯಲಿಲ್ಲವೆಂದೂ ತಿಳಿಸುತ್ತಾನೆ. ವೈದ್ಯರ ಕೈಗಳು ಕೆಲಸ ನಿಲ್ಲಿಸುವುದಿಲ್ಲ. ನಗಿಸುವ ಕಥೆ ಹೀಗೆ ಇರಿಯಬಹುದೇ ಎಂದು ನೊಂದವರ, ಸಿಟ್ಟಾದವರ ಪತ್ರಗಳು ರಾಶಿಯಾಗಿ ಬಂದವು. ನಿರ್ಮಾಪಕರು ಅವಕ್ಕೆ ಉತ್ತರ ಬರೆದರೇ ಹೊರತು ಬ್ಲೇಕನನ್ನು ಬದುಕಿಸಲಿಲ್ಲ. ಯುದ್ಧಭೂಮಿಯಿಂದ ಮನೆಗೆ ಹೊರಟವರೆಲ್ಲರೂ ಮನೆ ಮುಟ್ಟುವುದಿಲ್ಲವೆಂಬ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಲಿಲ್ಲ.

ನಮ್ಮ ಯಕ್ಷಗಾನದಲ್ಲಿ ಇಂದು ಒಬ್ಬರ ಕರ್ಣ, ನಾಳೆ ಇನ್ನೊಬ್ಬರ ಕರ್ಣ. ನಾವು ಹೋಲಿಸುತ್ತೇವೆ, ಒಬ್ಬರನ್ನು ಹೆಚ್ಚು ಮೆಚ್ಚುತ್ತೇವೆ. ಕರ್ಣನೇ ಇಲ್ಲವಾದನೆಂದು ಯಾರೂ ಅಳುವುದಿಲ್ಲ. ಕರ್ಣನು ಯಾವ ಕಲಾವಿದನಿಗಿಂತಲೂ ಹಿರಿಯನು. ಧಾರಾವಾಹಿಯ ಪಾತ್ರಕ್ಕಾದರೋ ಆ ಹಿಂದಿನ ಬಾಳುವೆಯಿಲ್ಲ. ದಿನವೂ ಊಟದ ಹೊತ್ತಿಗೆ ನಡುಮನೆಗೆ ಬರುವ ಆ ಮುಖವೇ ಅದರ ಜೀವ. ಆದ್ದರಿಂದ ಆ ಮುಖ ಮರೆಯಾದರೆ ಮನೆಯಲ್ಲಿ ಒಂದು ಜಾಗ ಬರಿದಾದಂತೆ ಆಗುವುದು ಸಹಜ. ಒಂಟಿಯಾಗಿರುವ ಮುದುಕರಿಗೆ, ದಿನವೆಲ್ಲ ದುಡಿದು ದಣಿದ ಗೃಹಿಣಿಗೆ ಅದು ಸಣ್ಣ ನಷ್ಟವಲ್ಲ.

ಆದರೂ ನಟನೂ ದುಡಿಮೆಯವನೇ. ಬೇಸರವಾದರೆ, ಬೇರೆ ಕೆಲಸ ಕರೆದರೆ ಹೊರಡುವ ಸ್ವಾತಂತ್ರ್ಯ ಅವನಿಗಿರಬೇಕು. ನಮ್ಮ ಪ್ರೀತಿ ಅವನ ಮೇಲಿನ ಸಾಲಪತ್ರವಾಗಬಾರದು. ಕಥೆಗಾರನಿಗೂ ನಮ್ಮನ್ನು ನೋಯಿಸುವ ಹಕ್ಕುಂಟು. ಸತ್ತವನು ನಮ್ಮ ಕೂಗಿಗೆ ಎದ್ದು ಬರುವನೆಂದು ಒಮ್ಮೆ ಗೊತ್ತಾದರೆ, ಮುಂದಿನ ಸಾವಿಗೆ ನಾವು ಅಳುವುದಾದರೂ ಹೇಗೆ?