ಯಂತ್ರ ಎಲ್ಲ ಊರಿಗೂ ಒಂದು, ಹವೆ ಊರಿಗೊಂದು

ಬೈಕುಲ್ಲಾ ರೈಲು ನಿಲ್ದಾಣದಿಂದ ಪೂರ್ವಕ್ಕೆ ಹೊರಟು ಸ್ವಲ್ಪ ದೂರ ನಡೆದರೆ ಸಿಗುವ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನದಲ್ಲಿ, ಮುಂಬಯಿಯ ಜನ ಇಂದಿಗೂ ರಾಣಿ ಬಾಗ್ ಎಂದೇ ಕರೆಯುವ, 1862ರಲ್ಲಿ ತೆರೆದ ಆ ಹಳೆಯ ತೋಟದಲ್ಲಿ, ದಕ್ಷಿಣ ಅಮೆರಿಕದ ಪೆರು ಮತ್ತು ಚಿಲಿ ದೇಶಗಳ ತಣ್ಣನೆಯ ಕಡಲಂಚಿಗೆ ಸೇರಿದ ಹಂಬೋಲ್ಟ್ ಪೆಂಗ್ವಿನ್ ಹಕ್ಕಿಗಳು ವಾಸವಾಗಿವೆ. 2016ರ ಜುಲೈಯಲ್ಲಿ ಸೋಲ್ ನಗರದಿಂದ ಎಂಟು ಹಕ್ಕಿಗಳನ್ನು ತರಿಸಲಾಯಿತು; 2017ರ ಮಾರ್ಚ್ ತಿಂಗಳಿಂದ ಜನರಿಗೆ ಅವುಗಳನ್ನು ಕಾಣುವ ಅವಕಾಶ ಒದಗಿತು. ವೈಶಾಖದ ಸೆಕೆಯಲ್ಲಿ ಬೆವರೊರೆಸಿಕೊಳ್ಳುತ್ತ ಬಂದ ಮಕ್ಕಳು ಗಾಜಿನ ಈಚೆ ನಿಂತು ಹಕ್ಕಿಗಳ ಈಜನ್ನು ನೋಡುತ್ತಿರುವಾಗ, ಗಾಜಿನ ಆಚೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಗಲಿರುಳೆನ್ನದೆ ಸ್ಥಿರವಾಗಿ ನಿಂತಿರಬೇಕು. ಆ ಹಕ್ಕಿಗಳಿಗಾಗಿ ಆದ ವೆಚ್ಚವನ್ನು ಕುರಿತು ಈ ನಗರದಲ್ಲಿ ವಾಗ್ವಾದ ಸಾಕಷ್ಟು ನಡೆದಿದೆ. ಆದರೆ ಆ ಉಷ್ಣತೆಯನ್ನು ಕಾಯುವ ವಿದ್ಯೆ ಯಾವುದು, ಅದು ಯಾರ ಕೈಯಲ್ಲಿದೆ, ಯಾರ ಸ್ವತ್ತಾಗಿರಬೇಕು ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ.

ಅದೇ ಉದ್ಯಾನದ ಆವರಣದಲ್ಲಿ, 1872ರಲ್ಲಿ ತೆರೆದು, ವೈದ್ಯರೂ ಸಂಸ್ಕೃತ ವಿದ್ವಾಂಸರೂ ಆಗಿದ್ದ ಡಾ. ಭಾವು ದಾಜಿ ಲಾಡ್ ಅವರ ಹೆಸರನ್ನು 1975ರಿಂದ ಹೊತ್ತಿರುವ ವಸ್ತುಸಂಗ್ರಹಾಲಯವಿದೆ. ಅಲ್ಲಿಯ ಮಣ್ಣಿನ ಬೊಂಬೆಗಳಿಗೆ, ಹಳೆಯ ನಕ್ಷೆಗಳಿಗೆ, ಕಾಗದದ ಚಿತ್ರಗಳಿಗೆ ಶತ್ರುವಾದದ್ದು ಸೆಕೆಗಿಂತ ಹೆಚ್ಚಾಗಿ ಏರಿಳಿಯುವ ತೇವಾಂಶ. ಇನ್ನೂ ಸ್ವಲ್ಪ ದಕ್ಷಿಣಕ್ಕೆ, 1845ರಿಂದ ಈ ನಗರದ ಬಡವರನ್ನು ಪೊರೆಯುತ್ತ ಬಂದಿರುವ ಸರ್ ಜೆ. ಜೆ. ಆಸ್ಪತ್ರೆಯಿದೆ. ಅಂಥ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ತಂಪೊಂದಿದ್ದರೆ ಸಾಲದು. ಶೋಧಿಸಿದ ಗಾಳಿ ಗಂಟೆಗೆ ಇಷ್ಟು ಸಲ ಎಂದು ಬದಲಾಗಬೇಕು, ಒಳಗಿನ ಒತ್ತಡ ಹೊರಗಿನ ಓಣಿಯ ಒತ್ತಡಕ್ಕಿಂತ ಕೊಂಚ ಹೆಚ್ಚಾಗಿದ್ದು, ಬಾಗಿಲು ತೆರೆದಾಗ ಗಾಳಿ ಒಳಗಿನಿಂದ ಹೊರಕ್ಕೆ ಹರಿಯಬೇಕು. ಹೀಗೆ ಒಂದೇ ಪೇಟೆಯ ಆಸುಪಾಸಿನಲ್ಲಿ ಹಕ್ಕಿಗೊಂದು ಹವೆ, ಕಾಗದಕ್ಕೊಂದು ಹವೆ, ರೋಗಿಗೊಂದು ಹವೆ. ಈ ಮೂರು ಬಗೆಯ ಅಗತ್ಯಗಳನ್ನೂ ಪೂರೈಸಬಲ್ಲ ಡಿಜಿಟಲ್ ಕಂಟ್ರೋಲರ್ ಇಂದು ಒಂದೇ ಕಾರ್ಖಾನೆಯ ಒಂದೇ ಮಾದರಿಯದಾಗಿರಬಹುದು. ವ್ಯತ್ಯಾಸವೆಲ್ಲ ಅದರೊಳಗೆ ಬರೆದಿಟ್ಟ ಸೆಟ್ಟಿಂಗಿನಲ್ಲಿದೆ. ಯಂತ್ರವನ್ನು ಕೊಳ್ಳುವುದಕ್ಕೆ ಹಣ ತೆರುವ ನಮ್ಮ ಸಾರ್ವಜನಿಕ ಸಂಸ್ಥೆಗಳು ಆ ಸೆಟ್ಟಿಂಗನ್ನು ತಮ್ಮ ಸ್ವತ್ತೆಂದು ಭಾವಿಸಿ ಬರೆಸಿಕೊಳ್ಳಬೇಕು, ಕಾಪಾಡಬೇಕು, ಋತುವಿಗೆ ತಕ್ಕಂತೆ ಪರಿಶೀಲಿಸಬೇಕು ಎಂಬುದು ಈ ಲೇಖನದ ವಾದ.

ತನ್ನನ್ನು ತಾನೇ ನಿಯಂತ್ರಿಸಿಕೊಳ್ಳುವ ಯಂತ್ರದ ಕಲ್ಪನೆ ಹೊಸದಲ್ಲ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ಉಪಾಧ್ಯಾಯರಾಗಿದ್ದ ವಾರನ್ ಜಾನ್ಸನ್ ವಿದ್ಯುತ್ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದದ್ದು 1883ರಲ್ಲಿ. ನಮ್ಮವರೇ ಆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂಬಯಿ ಸರಕಾರದ ಸೇವೆಯಲ್ಲಿದ್ದಾಗ ರೂಪಿಸಿದ ಸ್ವಯಂಚಾಲಿತ ತೂಬುಬಾಗಿಲುಗಳು 1903ರಲ್ಲಿ ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯದಲ್ಲಿ ನೆಲೆಗೊಂಡವು; ನೀರು ಗೊತ್ತುಪಡಿಸಿದ ಮಟ್ಟವನ್ನು ಮೀರಿದೊಡನೆ ತಾವಾಗಿ ತೆರೆದು, ಇಳಿದೊಡನೆ ತಾವಾಗಿ ಮುಚ್ಚಿಕೊಳ್ಳುತ್ತಿದ್ದ ಆ ಬಾಗಿಲುಗಳು ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿಗೂ ನಮ್ಮ ಕನ್ನಂಬಾಡಿಗೂ ಬಂದವು. ತತ್ತ್ವ ಮೂರೂ ಕಡೆ ಒಂದೇ. ಆದರೆ ನೀರು ಎಷ್ಟೆತ್ತರಕ್ಕೆ ಬಂದಾಗ ಬಾಗಿಲು ತೆರೆಯಬೇಕು ಎಂಬುದನ್ನು ಆಯಾ ನದಿಯ ಪ್ರವಾಹವನ್ನೂ ಆಯಾ ಕಟ್ಟೆಯ ಬಲವನ್ನೂ ಅರಿತವರೇ ನಿಶ್ಚಯಿಸಬೇಕಾಗಿತ್ತು. ಖಡಕ್‌ವಾಸ್ಲಾದ ಲೆಕ್ಕವನ್ನು ಕಾವೇರಿಗೆ ಹಾಗೆಯೇ ಹೊಂದಿಸಿದ್ದರೆ ಆ ಜಾಣ್ಮೆಯೆಲ್ಲ ವ್ಯರ್ಥವಾಗುತ್ತಿತ್ತು.

ಹೀಗೆ ಎಲ್ಲ ಬಗೆಯ ಕೆಲಸಕ್ಕೂ ಒದಗುವ ಇಂದಿನ ಯುನಿವರ್ಸಲ್ ಕಂಟ್ರೋಲರನ್ನು ನೋಡುವವರಿಗೆ ಕಾಣುವುದು ಪ್ಯಾನೆಲಿನೊಳಗೆ ಸಿಕ್ಕಿಸಿದ, ಪುಸ್ತಕದಷ್ಟು ಗಾತ್ರದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಅಂಚಿನಲ್ಲಿ ಸಾಲಾಗಿ ತಿರುಪುಗಳು, ತಿರುಪುಗಳಿಗೆ ಕಟ್ಟಿದ ತಂತಿಗಳು. ಅದೇ ತಿರುಪಿಗೆ ಉಷ್ಣತೆಯ ಸೆನ್ಸರನ್ನು ಜೋಡಿಸಬಹುದು, ತೇವಾಂಶದ ಸೆನ್ಸರನ್ನು ಜೋಡಿಸಬಹುದು, ಫ್ಯಾನು ತಿರುಗುತ್ತಿದೆಯೋ ಇಲ್ಲವೋ ಎಂದು ತಿಳಿಸುವ ಸ್ವಿಚ್ಚನ್ನೂ ಜೋಡಿಸಬಹುದು. ಬಂದ ಸಂಕೇತ ಯಾವುದು, ಅದರ ಅರ್ಥವೇನು ಎಂಬುದನ್ನು ಯಂತ್ರ ತಾನಾಗಿ ಅರಿಯದು. ಲ್ಯಾಪ್‌ಟಾಪ್ ಹಿಡಿದು ಅದರ ಮುಂದೆ ಕುಳಿತ ಟೆಕ್ನೀಷಿಯನ್ ಅದನ್ನು ಹೇಳಿಕೊಡಬೇಕು. ಆತ ಹೇಳಿದ್ದೇ ಅದಕ್ಕೆ ಪ್ರಮಾಣ.

ಇಲ್ಲಿ ಒಂದು ಸಣ್ಣ ತಪ್ಪು ಎಷ್ಟು ಗುಪ್ತವಾಗಿ ನುಸುಳಬಲ್ಲದು ಎಂಬುದಕ್ಕೆ ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. ಉಷ್ಣತೆಯನ್ನು ಅಳೆಯುವುದಕ್ಕೆ ಬಳಸುವ ಥರ್ಮಿಸ್ಟರ್ ಎಂಬ ಪುಟ್ಟ ಮಣಿಯಲ್ಲಿ, ಉಷ್ಣತೆ ಇಳಿದಂತೆ ವಿದ್ಯುತ್ತಿಗೆ ಒಡ್ಡುವ ರೋಧ ಏರುತ್ತದೆ. ಟೈಪ್ 2 ಮತ್ತು ಟೈಪ್ 3 ಎಂಬ ಎರಡು ಬಗೆಯ ಥರ್ಮಿಸ್ಟರುಗಳು ಬಳಕೆಯಲ್ಲಿವೆ. 25 ಡಿಗ್ರಿಯಲ್ಲಿ ಎರಡರ ರೋಧವೂ ಸರಿಯಾಗಿ 10,000 ಓಮ್. ಟೈಪ್ 2ರ ಮಣಿಯನ್ನು ಜೋಡಿಸಿ ಕಂಟ್ರೋಲರಿನಲ್ಲಿ ಟೈಪ್ 3 ಎಂದು ಬರೆದರೆ, 25 ಡಿಗ್ರಿಯ ಸುಮಾರಿನ ಕೋಣೆಯಲ್ಲಿ ನಿಂತು ಪರೀಕ್ಷಿಸುವಾತನಿಗೆ ಪರದೆಯ ಮೇಲಿನ ಅಂಕೆ ನಿರ್ದುಷ್ಟವಾಗಿಯೇ ಕಾಣುತ್ತದೆ; ಆತ ಸಮಾಧಾನದಿಂದ ಸಹಿ ಹಾಕಿ ಹೊರಟುಹೋಗುತ್ತಾನೆ. ಕೋಣೆ ತಣ್ಣಗಾದಂತೆ ಮಾತ್ರ ದೋಷ ಬೆಳೆಯುತ್ತ ಹೋಗಿ, ಸೊನ್ನೆ ಡಿಗ್ರಿಯ ಹೊತ್ತಿಗೆ ಹೆಚ್ಚುಕಡಮೆ ಎರಡು ಡಿಗ್ರಿಗಳಷ್ಟಾಗುತ್ತದೆ. ಔಷಧಿಯನ್ನೋ ಲಸಿಕೆಯನ್ನೋ ಇಟ್ಟ ಶೀತಗೃಹದಲ್ಲಿ ಎರಡು ಡಿಗ್ರಿ ಅಲ್ಪವಲ್ಲ. ಯಂತ್ರ ಕೆಟ್ಟಿಲ್ಲ, ತಂತಿ ಕಡಿದಿಲ್ಲ, ಎಚ್ಚರಿಕೆಯ ದೀಪವೂ ಉರಿಯುವುದಿಲ್ಲ. ಪಟ್ಟಿಯಿಂದ ಒಂದು ಸಾಲನ್ನು ಆರಿಸುವಾಗ ಕೈ ತಪ್ಪಿತು, ಅಷ್ಟೆ.

ವಾಲ್ವು ಚಲಿಸುವ ದಿಕ್ಕಿನ ವಿಷಯವೂ ಹೀಗೆಯೇ. ತಣ್ಣೀರು ಬಿಟ್ಟು ತಂಪು ಮಾಡುವ ವಾಲ್ವು ಉಷ್ಣತೆ ಏರಿದಂತೆ ತೆರೆಯಬೇಕು, ಬಿಸಿ ಮಾಡುವ ವಾಲ್ವು ಉಷ್ಣತೆ ಏರಿದಂತೆ ಮುಚ್ಚಬೇಕು. ಈ ಎರಡರಲ್ಲಿ ಮೊದಲನೆಯದನ್ನು ತಲೆಕೆಳಗಾಗಿ ಬರೆದರೆ ಸೆಕೆ ಹೆಚ್ಚಿದಷ್ಟೂ ತಣ್ಣೀರು ನಿಲ್ಲುತ್ತದೆ. ಉಷ್ಣತೆಯ ಅಲ್ಪ ವ್ಯತ್ಯಾಸಕ್ಕೂ ವಾಲ್ವು ಅತಿಯಾಗಿ ಪ್ರತಿಕ್ರಿಯಿಸುವಂತೆ ಹೊಂದಿಸಿದರೆ ಅದು ಗಳಿಗೆಗೊಮ್ಮೆ ತೆರೆಯುತ್ತ ಮುಚ್ಚುತ್ತ ಓಲಾಡಿ ಬೇಗ ಸವೆಯುತ್ತದೆ. ತಂಪು ನಿಲ್ಲುವ ಅಂಕೆಗೂ ಬಿಸಿ ಆರಂಭವಾಗುವ ಅಂಕೆಗೂ ನಡುವೆ ಅಂತರ ಬಿಡದಿದ್ದರೆ ಎರಡೂ ಒಟ್ಟಿಗೆ ನಡೆದು, ಒಂದು ಇನ್ನೊಂದರ ಕೆಲಸವನ್ನು ಅಳಿಸುತ್ತ ವಿದ್ಯುತ್ತನ್ನು ನುಂಗುತ್ತವೆ. ಈ ಕಾರಣಕ್ಕಾಗಿಯೇ 2007ರ ನಮ್ಮ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ, ಎರಡೂ ಏರ್ಪಾಡುಗಳಿರುವ ಕಟ್ಟಡದಲ್ಲಿ 3 ಡಿಗ್ರಿಗಳ ಅಂತರವನ್ನು ಇರಿಸಬಲ್ಲ ನಿಯಂತ್ರಣವಿರಬೇಕೆಂದು ವಿಧಿಸಿತು.

ಮುಂಬಯಿಯಂಥ ಊರಿನಲ್ಲಿ ಗಾಳಿಯನ್ನು ಬಿಸಿ ಮಾಡುವ ಏರ್ಪಾಡು ಯಾರಿಗೆ ಬೇಕು ಎಂದು ಓದುಗರು ಕೇಳಬಹುದು. ಉತ್ತರ ಇರುವುದು ಆಷಾಢದ ಮಳೆಯಲ್ಲಿ. ಆ ತಿಂಗಳುಗಳಲ್ಲಿ ಇಲ್ಲಿಯ ಗಾಳಿಯನ್ನು ಒಣಗಿಸಬೇಕಾದರೆ ಅದನ್ನು ಬೇಕಾದುದಕ್ಕಿಂತ ಹೆಚ್ಚು ತಣ್ಣಗಾಗಿಸಿ, ಅದರೊಳಗಿನ ನೀರು ಕೊಳವೆಗಳ ಮೇಲೆ ಹನಿಯಾಗಿ ಇಳಿದುಹೋಗುವಂತೆ ಮಾಡಿ, ಬಳಿಕ ಮತ್ತೆ ಸ್ವಲ್ಪ ಬೆಚ್ಚಗಾಗಿಸಿ ಕೋಣೆಗೆ ಬಿಡಬೇಕು. ಕಾಗದವನ್ನು ಕಾಪಾಡುವಲ್ಲಿಯೂ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿಯೂ ತೇವಾಂಶವನ್ನು ಹಿಡಿತದಲ್ಲಿಡುವುದಕ್ಕೆ ಈ ತಂಪು, ಈ ಬಿಸಿ ಎರಡೂ ಬೇಕು. ಇನ್ನು ಹೊರಗಿನ ರಾತ್ರಿಗಾಳಿ ಒಳಗಿನದಕ್ಕಿಂತ ತಣ್ಣಗಿದ್ದರೆ, ತಂಪನ್ನು ಒದಗಿಸುವ ಯಂತ್ರವಾದ ಚಿಲ್ಲರನ್ನು ನಿಲ್ಲಿಸಿ ಆ ಗಾಳಿಯನ್ನೇ ಒಳಗೆಳೆದುಕೊಳ್ಳುವ ಕ್ರಮವೊಂದಿದೆ. ಬೆಂಗಳೂರಿನ ಮಾರ್ಗಶಿರದ ರಾತ್ರಿಗೆ ಅದು ಅತ್ಯುತ್ತಮ. ಜುಲೈಯ ಬೈಕುಲ್ಲಾದಲ್ಲಾಗಲಿ ಮಂಗಳೂರಿನಲ್ಲಾಗಲಿ ಅದೇ ಕ್ರಮ ಕಟ್ಟಡದೊಳಕ್ಕೆ ನೀರನ್ನೇ ಹೊತ್ತು ತರುತ್ತದೆ, ಗೋಡೆಗೆ ಬೂಷ್ಟು ಹಿಡಿಸುತ್ತದೆ. ಬೇಸಗೆಯ ಕಲಬುರ್ಗಿಯ ಒಣ ಬಿಸಿಲಿಗೆ ನೀರೆರಚಿ ತಂಪು ಮಾಡುವ ಕೂಲರು ಸಾಕಾದೀತು. ಕರಾವಳಿಯಲ್ಲಿ ಅದು ಸೆಕೆಯನ್ನು ಹೆಚ್ಚಿಸುತ್ತದೆ. ಹಿಮ ಬೀಳುವ ದೇಶಗಳ ಕಾರ್ಖಾನೆಗಳಲ್ಲಿ ಬರೆದಿಟ್ಟ ಆರಂಭದ ಅಂಕೆಗಳನ್ನು ತಿದ್ದದೆ ನಮ್ಮಲ್ಲಿ ಬಳಸುವುದು ಎಷ್ಟು ಅಸಂಗತ ಎಂಬುದನ್ನು ಇನ್ನು ವಿವರಿಸಬೇಕಾಗಿಲ್ಲ.

ಒಳಗಿನ ಹವೆಯನ್ನು ಅಗತ್ಯಕ್ಕೆ ತಕ್ಕಂತೆ ಹೊಂದಿಸುವ ಈ ಜ್ಞಾನ ಬೈಕುಲ್ಲಾಕ್ಕೆ ಹೊರಗಿನಿಂದ ಬಂದದ್ದೇನೂ ಅಲ್ಲ. ಇಲ್ಲಿಯೂ ಇದರ ನೆರೆಯ ಗಿರಣಗಾಂವಿನಲ್ಲಿಯೂ ಬಟ್ಟೆಗಿರಣಿಗಳು ಸದ್ದುಮಾಡುತ್ತಿದ್ದ ಕಾಲದಲ್ಲಿ ಗಾಳಿ ಒಣಗಿದರೆ ಹತ್ತಿಯ ನೂಲು ಕಡಿಯುವುದೆಂದು ನೂಲುಶಾಲೆಗಳಲ್ಲಿ ನೀರಿನ ತುಂತುರನ್ನು ಬಿಡುತ್ತಿದ್ದರು. ನೂಲಿಗೆ ಹಿತವಾದ ಆ ಹವೆ ಕಾರ್ಮಿಕನ ಎದೆಗೆ ಹಿತವಾಗಿರಲಿಲ್ಲ. 1948ರ ಕಾರ್ಖಾನೆ ಕಾಯಿದೆಯ 15ನೆಯ ಕಲಮು ಕೃತಕವಾಗಿ ತೇವಗೊಳಿಸುವ ಏರ್ಪಾಡಿಗೆ ನಿಯಮಗಳನ್ನು ವಿಧಿಸಲು ಸರಕಾರಕ್ಕೆ ಅಧಿಕಾರ ಕೊಟ್ಟು, ಅದಕ್ಕೆ ಬಳಸುವ ನೀರು ಶುದ್ಧವಾಗಿರಬೇಕೆಂದು ಗೊತ್ತುಮಾಡಿತು. ಒಂದು ಕಟ್ಟಡದ ಒಳಗಿನ ಹವೆ ಯಾರಿಗಾಗಿ, ಎಷ್ಟು ಎಂಬುದು ಕೇವಲ ತಾಂತ್ರಿಕವಾದ ಮಾತಾಗಿರದೆ ನ್ಯಾಯದ ಮಾತೂ ಹೌದೆಂಬುದನ್ನು ನಮ್ಮ ಶಾಸನ ಅಂದೇ ಒಪ್ಪಿಕೊಂಡಿತ್ತು.

ಆರಂಭದ ಅಂಕೆಯ ಬಲವನ್ನು ಸರಕಾರ ಇತ್ತೀಚೆಗೆ ಮತ್ತೊಮ್ಮೆ ಗುರುತಿಸಿದೆ. 2020ರ ಜನವರಿ 1ರಿಂದ ತಾರಾಚಿಹ್ನೆಯುಳ್ಳ ಕೋಣೆಯ ಎ.ಸಿ.ಗಳೆಲ್ಲ ಮೊದಲಿಗೆ 24 ಡಿಗ್ರಿಯಲ್ಲೇ ಆರಂಭವಾಗುವಂತಿರಬೇಕೆಂದು ವಿಧಿಸಲಾಯಿತು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ವಿದ್ಯುತ್ತು ಉಳಿಯುವುದೆಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಯಂತ್ರ ಹೇಗೆ ಬಂದಿತೋ ಹಾಗೆಯೇ ಇರಲಿ ಎಂದು ಬಿಡುವುದು ಜನಸ್ವಭಾವವಾದುದರಿಂದ ಈ ನಿಯಮ ವಿವೇಕದ್ದು. ಆದರೆ ಮನೆಯ ಎ.ಸಿ.ಗೆ ಇಷ್ಟು ಕಾಳಜಿ ತೋರುವ ನಾವು ನೂರಾರು ಕೋಣೆಗಳ ಸಾರ್ವಜನಿಕ ಕಟ್ಟಡದ ವಿಷಯದಲ್ಲಿ ಅದೇ ಕಾಳಜಿಯನ್ನು ಒತ್ತಾಯಿಸುವುದಿಲ್ಲ. ಟೆಂಡರಿನಲ್ಲಿ ಚಿಲ್ಲರಿನ ಟನ್ನು ಎಷ್ಟು, ಫ್ಯಾನಿನ ಬಲ ಎಷ್ಟು ಎಂಬುದಕ್ಕೆ ಪುಟಗಟ್ಟಲೆ ವಿವರಗಳಿರುತ್ತವೆ. ಕಂಟ್ರೋಲರನ್ನು ಹೊಂದಿಸುವ ಕೆಲಸಕ್ಕೆ ಒಂದು ಸಾಲು ದೊರೆತರೆ ಹೆಚ್ಚು. ಕಟ್ಟಡದ ಉದ್ಘಾಟನೆಯ ದಿನ ಸಮೀಪಿಸಿದಾಗ ಮೊಟಕಾಗುವುದು ಆ ಕೆಲಸವೇ. ಕಂಟ್ರಾಕ್ಟಿನ ಅವಧಿ ಮುಗಿದು ಬೇರೊಬ್ಬ ಕಂಟ್ರಾಕ್ಟರು ಬಂದಾಗ ಹಿಂದಿನವರ ಪಾಸ್‌ವರ್ಡು ಸಿಗುವುದಿಲ್ಲ, ಕಡತದ ಪ್ರತಿ ಸಿಗುವುದಿಲ್ಲ; ಕೊನೆಗೆ ನಿರ್ವಾಹಕನು ಕಂಟ್ರೋಲರನ್ನು ಬದಿಗಿಟ್ಟು ವಾಲ್ವನ್ನು ಕೈಯಿಂದ ತಿರುಗಿಸಿ ದಿನ ದೂಡುತ್ತಾನೆ. ದೊಡ್ಡ ಬೆಲೆ ತೆತ್ತು ತಂದ ಯಂತ್ರ ಗೋಡೆಯ ಮೇಲೆ ನಿಷ್ಪ್ರಯೋಜಕವಾಗಿ ಉಳಿಯುತ್ತದೆ.

ಪಾಸ್‌ವರ್ಡನ್ನು ಗೋಪ್ಯವಾಗಿಡದಿದ್ದರೆ ಅರಿಯದವರು ಕೈಹಾಕಿ ಕೆಡಿಸುತ್ತಾರೆ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯಾಂಶವೂ ಇದೆ. ಬೀಗ ಇರಲಿ; ಬೀಗದ ಕೈ ಮಾತ್ರ ಕಟ್ಟಡದ ಒಡೆತನವುಳ್ಳವರ ಬಳಿ ಇರಬೇಕು, ಯಾರು ಯಾವಾಗ ಏನನ್ನು ಬದಲಿಸಿದರು ಎಂಬುದು ದಾಖಲಾಗಬೇಕು. ಯಂತ್ರಗಳೇ ಇನ್ನು ಮುಂದೆ ತಮ್ಮನ್ನು ತಾವು ಹೊಂದಿಸಿಕೊಳ್ಳುತ್ತವೆ, ಈ ಚಿಂತೆ ಯಾಕೆ ಎಂಬುದು ಇನ್ನೊಂದು ಆಕ್ಷೇಪ. ವಾಲ್ವು ಎಷ್ಟು ಚುರುಕಾಗಿ ಚಲಿಸಬೇಕು ಎಂಬುದನ್ನು ಯಂತ್ರ ತಾನೇ ಕಂಡುಕೊಂಡೀತು, ನಿಜ. ಆದರೆ ಈ ಕೋಣೆಯಲ್ಲಿರುವುದು ಹಕ್ಕಿಯೋ ಹಳೆಯ ನಕ್ಷೆಯೋ ಹೊಟ್ಟೆ ತೆರೆದು ಮಲಗಿದ ಮನುಷ್ಯನೋ, ಅದಕ್ಕೆ ಹಿತವಾದದ್ದು ಯಾವುದು ಎಂಬ ನಿರ್ಧಾರವನ್ನು ಮನುಷ್ಯನೇ ಮಾಡಬೇಕು. ಅದರ ಹೊಣೆಯೂ ಅವನದೇ.

ಪರಿಹಾರ ದುಬಾರಿಯಾದುದಲ್ಲ. ಪ್ರತಿಯೊಂದು ಸಾರ್ವಜನಿಕ ಕಟ್ಟಡದ ಟೆಂಡರಿನಲ್ಲೂ ಮೂರು ಷರತ್ತುಗಳು ಬರಲಿ. ಮೊದಲನೆಯದಾಗಿ, ಯಾವ ತಿರುಪಿಗೆ ಯಾವ ಸೆನ್ಸರು, ಅದರ ಬಗೆ ಯಾವುದು, ಯಾವ ಅಂಕೆಗೆ ಏನಾಗಬೇಕು ಎಂಬ ಪೂರ್ಣ ಪಟ್ಟಿ, ಕಂಟ್ರೋಲರಿನ ಕಡತದ ಪ್ರತಿ, ಪಾಸ್‌ವರ್ಡು, ಇವೆಲ್ಲ ಸಂಸ್ಥೆಯ ಸ್ವತ್ತಾಗಿ ಹಸ್ತಾಂತರವಾಗದ ಹೊರತು ಕೊನೆಯ ಬಿಲ್ಲು ಪಾಸಾಗಕೂಡದು. ಎರಡನೆಯದಾಗಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ, ಸೆನ್ಸರುಗಳನ್ನು ಒರೆಗೆ ಹಚ್ಚಿ ಅಂಕೆಗಳನ್ನು ಪುನಃ ಪರಿಶೀಲಿಸತಕ್ಕದ್ದು. ಮೂರನೆಯದಾಗಿ, ಹಗಲಿರುಳು ಆ ಪ್ಯಾನೆಲಿನ ಮುಂದೆ ಇರುವ ನಿರ್ವಾಹಕನಿಗೆ ಆತನ ಭಾಷೆಯಲ್ಲಿ, ಇಲ್ಲಿ ಮರಾಠಿಯಲ್ಲಿ, ನಮ್ಮ ನಾಡಿನಲ್ಲಿ ಕನ್ನಡದಲ್ಲಿ, ಕೈಪಿಡಿಯೂ ಶಿಕ್ಷಣವೂ ದೊರೆಯತಕ್ಕದ್ದು.

ಮೂರನೆಯ ಷರತ್ತು ನನಗೆ ಎಲ್ಲಕ್ಕಿಂತ ಮುಖ್ಯವೆಂದು ತೋರುತ್ತದೆ. ಇಂದು ಮಾಟುಂಗದಲ್ಲಿರುವ, ಜೀಜಾಬಾಯಿಯ ಹೆಸರಿನದೇ ಆದ ತಾಂತ್ರಿಕ ವಿದ್ಯಾಲಯ 1887ರಲ್ಲಿ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಿಂದ ಆರಂಭವಾದದ್ದು ಬೈಕುಲ್ಲಾದಲ್ಲಿಯೇ. ಯಂತ್ರ ಬಂದರೆ ಸಾಲದು, ಅದನ್ನು ಬಲ್ಲ ಕೈಗಳು ಊರಿನಲ್ಲೇ ತಯಾರಾಗಬೇಕೆಂಬ ದೃಷ್ಟಿ ಅಂದಿನವರಿಗೆ ಇತ್ತು. ಐ.ಟಿ.ಐ.ಗಳಲ್ಲಿ ಶೀತಕಯಂತ್ರದ ಕಸುಬನ್ನು ಕಲಿತು ಹೊರಬರುವ ನಮ್ಮ ತರುಣರಿಗೆ ಗ್ಯಾಸು ತುಂಬುವುದನ್ನೂ ಕೊಳವೆ ಬೆಸೆಯುವುದನ್ನೂ ಕಲಿಸಿದಷ್ಟೇ ಶ್ರದ್ಧೆಯಿಂದ ಕಂಟ್ರೋಲರನ್ನು ಹೊಂದಿಸುವುದನ್ನೂ ಕಲಿಸಿದರೆ, ಆಸ್ಪತ್ರೆಯ ಹವೆಗೂ ಸಂಗ್ರಹಾಲಯದ ಹವೆಗೂ ಹೊಣೆ ಹೊರಬಲ್ಲವರು ಊರೂರಿನಲ್ಲಿ ಸಿದ್ಧರಾಗುತ್ತಾರೆ. ಅವರಿಗೆ ತಕ್ಕ ವೇತನವನ್ನೂ, ಮಾಡಿದ ಕೆಲಸದ ಕೆಳಗೆ ಹೆಸರು ಬರೆಯುವ ಗೌರವವನ್ನೂ ಕೊಡಬೇಕು. ಕಟ್ಟಡಕ್ಕೆ ಹಣ ತೆತ್ತವರು ನಾವು. ಅದರೊಳಗಿನ ಗಾಳಿಯನ್ನು ಆಳುವ ಅಂಕೆಗಳು ನಮ್ಮ ಹೆಸರಿನಲ್ಲಿ, ನಮ್ಮ ದಫ್ತರದಲ್ಲಿ ಇರಬೇಕೆಂದು ಪುರಸಭೆಗಳನ್ನೂ ನಗರಪಾಲಿಕೆಗಳನ್ನೂ ನಾವು ಕೇಳಲೇಬೇಕು, ಮುಂದಿನ ಟೆಂಡರು ಹೊರಡುವುದಕ್ಕೆ ಮುಂಚೆಯೇ ಕೇಳಬೇಕು.